ಎರವಲು ನಾಲಿಗೆ

"ನೀವು ಈಚೆಗೆ ಊಟ ಮಾಡ್ತಿಲ್ಲ, ವಿಚಾರಣೆ ನಡೆಸ್ತಿದ್ದೀರ" ಎಂದು ನನ್ನ ಹೆಂಡತಿ ಸರೋಜ ಮೊನ್ನೆ ಸಾರಿನ ಸೌಟನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿ ಹೇಳಿದಳು.

ಆರೋಪದಲ್ಲಿ ಹುರುಳಿಲ್ಲದೆ ಇಲ್ಲ. ತುತ್ತು ಬಾಯಿಗೆ ಬಿದ್ದ ಕೂಡಲೇ ನನ್ನ ಕಣ್ಣುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಹುಬ್ಬು ಗಂಟಿಕ್ಕುತ್ತದೆ. ತುತ್ತು ಎಡ ದವಡೆಯಿಂದ ಬಲ ದವಡೆಗೆ ವರ್ಗವಾಗಿ, ಅಲ್ಲಿ ಸ್ವಲ್ಪ ಕಾಲ ಸೇವೆ ಸಲ್ಲಿಸಿ, ಆಮೇಲೆ ಗಂಟಲಿನ ಕಡೆಗೆ ನಿವೃತ್ತಿ ಹೊಂದುತ್ತದೆ. ಅಲ್ಲಿಯ ತನಕ ಮೇಜಿನ ಸುತ್ತ ಇರುವವರು ತೀರ್ಪಿಗಾಗಿ ಕಾಯಬೇಕು. "ಉಪ್ಪು ಸರಿಯಾಗಿದೆ. ಹುಳಿ ಒಂದು ಹೆಜ್ಜೆ ಹಿಂದಿದೆ" ಎಂದು ನಾನು ಕಣ್ಣು ತೆರೆದು ಘೋಷಿಸಿದರೆ, "ನೀವೇ ಎದ್ದು ಹೋಗಿ ಅದನ್ನ ಮುಂದಕ್ಕೆ ಕರೀರಿ" ಎಂದು ಸರೋಜ ಹುಣಸೆಹಣ್ಣಿನ ಡಬ್ಬಿಯನ್ನು ತೋರಿಸುತ್ತಾಳೆ.

ಇದು ನನ್ನ ಹುಟ್ಟುಗುಣವೆಂದು ದಯವಿಟ್ಟು ತಿಳಿಯಬೇಡಿ. ಶಿಕಾಗೋ ಪಕ್ಕದ ಲಿಸ್ಲ್‌ನ ಆಫೀಸೊಂದರಲ್ಲಿ ನನ್ನ ಉದ್ಯೋಗದ ಆಯುಸ್ಸೆಲ್ಲ ಕಳೆದವನು ನಾನು. ಕಂಪ್ಯೂಟರ್ ನೋಡುತ್ತ ಡಬ್ಬಿ ಖಾಲಿ ಮಾಡುವುದೇ ಅಲ್ಲಿ ಊಟ. ಚಿತ್ರಾನ್ನವೆಂದು ತಿಂದದ್ದು ಪುಳಿಯೋಗರೆಯಾಗಿತ್ತೆಂದು ಸಂಜೆ ಡಬ್ಬಿ ತೊಳೆಯುವಾಗ ತಿಳಿದ ಉದಾಹರಣೆ ಉಂಟು. ಅಂಥವನ ನಾಲಿಗೆಗೆ ಅರವತ್ತಾರನೆಯ ವಯಸ್ಸಿನಲ್ಲಿ, ಮೈಯ ಉಳಿದ ಅಂಗಗಳೆಲ್ಲ ರಜೆ ಕೇಳುತ್ತಿರುವ ಹೊತ್ತಿನಲ್ಲಿ, ಹೊಸದಾಗಿ ಕೆಲಸ ಸಿಕ್ಕಿತು. ಕೊಟ್ಟವರು ಅರೋರಾದ ನಮ್ಮ ಬೀದಿಯಲ್ಲಿ ಎರಡು ಮನೆ ಆಚೆಗಿರುವ ಮಿಸ್ ವರ್ನೆಲ್.

ಮಿಸ್ ಎಂದ ಮಾತ್ರಕ್ಕೆ ಮದುವೆಯಾಗದವರಲ್ಲ. ಅಮೆರಿಕದ ದಕ್ಷಿಣದವರಲ್ಲಿ ಹಿರಿಯ ಹೆಂಗಸರ ಹೆಸರಿನ ಮುಂದೆ ಅದೊಂದು ಮರ್ಯಾದೆ, ನಾವು ಹೆಸರಿನ ಹಿಂದೆ ಅಮ್ಮ ಎಂದು ಅಂಟಿಸುವ ಹಾಗೆ. ಸರೋಜ ಅದನ್ನು ಹಿಂದಕ್ಕೆ ತಂದು ವರ್ನೆಲಮ್ಮ ಎಂದು ಮಾಡಿಕೊಂಡಿದ್ದಾಳೆ. ಅವರು ಹುಟ್ಟಿದ್ದು ಮಿಸಿಸಿಪ್ಪಿಯ ಹತ್ತಿ ಹೊಲಗಳ ನಡುವೆ. ಅಪ್ಪ ಕಾರು ಕಾರ್ಖಾನೆಯಲ್ಲಿ ಕೆಲಸ ಹುಡುಕಿಕೊಂಡು ಸಂಸಾರವನ್ನು ಡೆಟ್ರಾಯ್ಟ್‌ಗೆ ತಂದಾಗ ಇವರು ಇನ್ನೂ ಚಿಕ್ಕವರು. ಮದುವೆ ಇವರನ್ನು ಶಿಕಾಗೋ ಕಡೆಗೆ ಕರೆತಂದಿತು. ಈಗ ಎಂಬತ್ತರ ಸಮೀಪ. ಯಜಮಾನರಿಲ್ಲ. ಮಗಳು ಡೆನೀಸ್ ನರ್ಸು. ಅವಳು ಮನೆಯಲ್ಲಿರುವುದಕ್ಕಿಂತ ಆಸ್ಪತ್ರೆಯಲ್ಲಿರುವುದೇ ಹೆಚ್ಚು.

ಅವರ ಮಾತಿನ ವಿಷಯದಲ್ಲಿ ಒಂದು ಅರಿಕೆ. ಅವರು ಆಡುವುದು ಇಂಗ್ಲಿಷೇ. ಆದರೆ ನನ್ನ ಕಿವಿ ಅದನ್ನು ಮಂಡ್ಯದ ಕನ್ನಡವಾಗಿಯೇ ಕೇಳಿಸಿಕೊಳ್ಳುತ್ತದೆ. ಆ ಎಳೆತ, ಆ ಬೀಸು, ಬೈಗುಳವೋ ಮುದ್ದೋ ತಿಳಿಯದ ಆ ಧಾಟಿ, ಇದಕ್ಕೆಲ್ಲ ನಮ್ಮೂರಿನ ಮಾತೇ ಆಗಬೇಕು. ಅವರು ಅಂಚೆಯವನನ್ನೂ ಡಾಕ್ಟರನ್ನೂ ನನ್ನನ್ನೂ ಭೇದವಿಲ್ಲದೆ 'ಬೇಬಿ' ಎನ್ನುತ್ತಾರೆ. ನಮ್ಮ ಕಡೆಯ ಮುದುಕಿಯರು ಎದುರಿಗೆ ಬಂದವರನ್ನೆಲ್ಲ 'ಮಗ' ಎನ್ನುವುದಿಲ್ಲವೆ? ಹಾಗೆಯೇ. ಆದ್ದರಿಂದ ಮಿಸಿಸಿಪ್ಪಿಯವರೊಬ್ಬರು ಮದ್ದೂರಿನವರಂತೆ ಮಾತಾಡಿದರೆ ಓದುಗರು ಗಾಬರಿಯಾಗಬೇಡಿ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಹಿಮ ಕರಗಿ ಬೀದಿಯೆಲ್ಲ ರಾಡಿ. ವರ್ನೆಲಮ್ಮ ಎರಡು ಪುಟ್ಟ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎರಡರಲ್ಲೂ ಕೇಸರಿ ಬಣ್ಣದ ಹೂರಣ.

"ಎಲ್ಡ್ರಲ್ಲಿ ಯಾವ್ದು ಸಿಹಿ ಹೇಳು ಮಗ."

ಅದು ಗೆಣಸಿನ ಪೈಯ ಹೂರಣ. ಪೈ ಎಂದರೇನೆಂದು ಕೇಳುವವರಿಗೆ ಹೇಳುತ್ತೇನೆ. ಒಬ್ಬಟ್ಟು ಮಾಡಲು ಹೊರಟವರು ಕಣಕ ತಟ್ಟಿ ಹೂರಣ ಇಟ್ಟು, ಇನ್ನೇನು ಮುಚ್ಚಬೇಕು ಎನ್ನುವಾಗ ಯಾರೋ ಕರೆದರೆಂದು ಎದ್ದು ಹೋಗಿ, ಮಾತಿಗೆ ನಿಂತು, ಮರಳಿ ಬರುವಷ್ಟರಲ್ಲಿ ಅದು ಹಾಗೇ ಓವನ್ನಿನಲ್ಲಿ ಬೆಂದುಹೋಗಿದ್ದರೆ ಏನಾದೀತೋ, ಅದು ಪೈ. ಬೇಯಿಸಿದ ಗೆಣಸು, ಕಂದು ಸಕ್ಕರೆ, ಬೆಣ್ಣೆ, ಹಾಲು, ಮೊಟ್ಟೆ, ಮೇಲೆ ತುರಿದ ಜಾಯಿಕಾಯಿ. ವರ್ನೆಲಮ್ಮನ ಪೈ ಅವರ ವಂಶದಲ್ಲಿ ಪ್ರಸಿದ್ಧ. ಪ್ರತಿ ಈಸ್ಟರ್ ಭಾನುವಾರ ಡೆಟ್ರಾಯ್ಟ್‌ನಲ್ಲಿ ಅವರ ತಂಗಿ ಒಡೆಸ್ಸಾ ಮನೆಯಲ್ಲಿ ಇಡೀ ಕುಟುಂಬ ಸೇರುತ್ತದೆ. ಊಟ ತಂಗಿಯದು, ಪೈ ಅಕ್ಕನದು. ಇದು ಅವರಮ್ಮ ತೀರಿಕೊಂಡಂದಿನಿಂದ ನಡೆದುಬಂದ ಅಧಿಕಾರ ವಿಭಜನೆ.

ಜಾಯಿಕಾಯಿ ಇನ್ನೂ ಬಿದ್ದಿರದ ಎರಡನ್ನೂ ನಾನು ತಿಂದೆ. "ಬಲಗಡೇದು" ಎಂದೆ.

"ಎಷ್ಟ್ ಸಿಹಿ?"

"ನಿಮಗೇ ಗೊತ್ತಿರಬೇಕಲ್ಲ?"

ಅವರು ಕುರ್ಚಿಯಲ್ಲಿ ಕೂತರು. ಸರೋಜ ಕಾಫಿ ತಂದಿಟ್ಟಳು. ಕುಡಿದರು. "ಇದು ಬಿಸಿಯಾಗದೆ. ಅಷ್ಟೇಯ ನಂಗೆ ಗೊತ್ತಾಗೋದು" ಎಂದರು. "ಚಳಿಗಾಲದಲ್ಲಿ ಜ್ವರ ಬಂದಿತ್ತಲ್ಲ, ಅದು ಹೋಯ್ತಾ ಹೋಯ್ತಾ ಬಾಯ್ರುಚಿನೂ ಎತ್ಕಂಡೋಯ್ತು. ವಾಸನೆನೂ ಇಲ್ಲ. ಸಕ್ಕರೆ ತಿಂದ್ರೆ ಮರಳು ತಿಂದಂಗಾಯ್ತದೆ."

"ಡೆನೀಸ್‌ಗೆ ಹೇಳಿದ್ದೀರಾ?"

"ಅವಳ್ಗಾ! ಅವಳ್ಗೆ ಹೇಳಿದ್ರೆ ಈ ಕಾಫಿ ಆರೋದ್ರೊಳಗೆ ಡೆಟ್ರಾಯ್ಟ್‌ಗೆಲ್ಲ ಗೊತ್ತಾಯ್ತದೆ. ಫೋನಲ್ಲಿ ಅದೇನೋ ಗುಂಪು ಕಟ್ಕಂಡವ್ರೆ ಎಲ್ಲ."

"ಗೊತ್ತಾದರೆ ಏನಾಯ್ತು ಬಿಡಿ. ಕಾಯಿಲೆ ಯಾರಿಗೆ ಬರಲ್ಲ?" ಎಂದು ನಾನು ಬುದ್ಧಿವಂತರಂತೆ ನುಡಿದೆ.

ವರ್ನೆಲಮ್ಮ ನನ್ನನ್ನು ಕರುಣೆಯಿಂದ ನೋಡಿದರು. "'ಆಂಟಿ, ನೀವು ಕೂತ್ಕಳಿ, ನಾವ್ ಮಾಡ್ತೀವಿ' ಅಂತಾರೆ ಮಗ. ಬ್ರಿಯಾನಾ ಆಗ್ಲೇ ಕಾಯ್ತಾ ಅವ್ಳೆ, ನಮ್ ಒಡೆಸ್ಸನ ಸೊಸೆ. ಕೂತ್ಕಳಿ ಅಂತ ಒಂದ್ ಸಲ ಅಂದ್ಬುಟ್ರೆ ಮುಗೀತು. ಅಡಿಗೆಮನೆಯಿಂದ ಯಾರ್ನೂ ಕತ್ತು ಹಿಡಿದು ಆಚ್ಗೆ ಹಾಕಲ್ಲ. ಕುರ್ಚಿ ಕೊಟ್ಟೇ ಆಚ್ಗೆ ಹಾಕೋದು."

ಸರೋಜ ಅವರ ಪಕ್ಕದಲ್ಲಿ ಹೋಗಿ ಕೂತಳು. ನಮ್ಮ ಸೊಸೆ ಕಳೆದ ದೀಪಾವಳಿಯಲ್ಲಿ ಇವಳಿಗೂ ಬಹಳ ಪ್ರೀತಿಯಿಂದ ಒಂದು ಕುರ್ಚಿ ಕೊಟ್ಟಿದ್ದಳು. ನನಗೆ ಅದು ಆಗ ಪ್ರೀತಿಯೆಂದೇ ಕಂಡಿತ್ತು.

"ಸರಿ, ನಾನೇ ಯಾಕೆ?" ಎಂದೆ.

"ನಿಂಗೆ ಪೈ ವಿಚಾರ ಏನೂ ಗೊತ್ತಿಲ್ಲ. ಗೊತ್ತಿರೋರು ಸುಳ್ಳು ಹೇಳ್ತಾರೆ."

ಹೀಗೆ ನನ್ನ ನೇಮಕವಾಯಿತು. ಅರ್ಹತೆ, ಅಜ್ಞಾನ. ಷರತ್ತು, ಮೌನ. ಸರೋಜ ಸಾಕ್ಷಿ.

ಮರುದಿನದಿಂದ ನಾನು ಬೆಳಗಿನ ಕಾಫಿ ಮುಗಿಸಿ ಎರಡು ಮನೆ ಆಚೆಗೆ ಕೆಲಸಕ್ಕೆ ಹೋಗತೊಡಗಿದೆ. ಟೈ ಒಂದು ಕಟ್ಟಿರಲಿಲ್ಲ, ಅಷ್ಟೇ. ವರ್ನೆಲಮ್ಮ ಗೆಣಸನ್ನು ಮಸೆದು, ಸಕ್ಕರೆಯನ್ನು ಕೈಯಿಂದಲೇ ಸುರಿದು, ಜಾಯಿಕಾಯಿಯನ್ನು ತುರಿಯುವಾಗ ಮಾತ್ರ ಕಣ್ಣು ಮುಚ್ಚಿ ತೋಳು ಬೀಸುತ್ತಿದ್ದರು. ಅಳತೆಯ ಬಟ್ಟಲು ಆ ಮನೆಯಲ್ಲಿ ಬೆಕ್ಕಿಗೆ ನೀರಿಡಲು ಬಳಕೆಯಾಗುತ್ತಿತ್ತು. ಆಮೇಲೆ ಚಮಚ ನನ್ನ ಬಾಯಿಗೆ ಬರುತ್ತಿತ್ತು.

ಮೊದಲ ಚಮಚಕ್ಕೇ ನಾನು ಕೇಳಿದೆ: "ಮನೆಯಲ್ಲಿ ಯಾರಾದರೂ ಹೆತ್ತಿದ್ದಾರಾ?"

ತಪ್ಪು ನನ್ನದಲ್ಲ, ನನ್ನ ನಾಲಿಗೆ ಬೆಳೆದ ಮನೆಯದು. ನಮ್ಮ ಕಡೆ ಜಾಯಿಕಾಯಿ ಅಡಿಗೆಮನೆಯ ಪದಾರ್ಥವಲ್ಲ, ಬಾಣಂತಿಯ ಕೋಣೆಯದು. ನನ್ನ ತಂಗಿ ಹುಟ್ಟಿದಾಗ ಅಜ್ಜಿ ಅದನ್ನು ಸಾಣೆಕಲ್ಲಿನ ಮೇಲೆ ಎರಡು ಸುತ್ತು ತೇಯ್ದು ಹಾಲಿನಲ್ಲಿ ಕದಡಿ ಮಗುವಿನ ತುಟಿಗೆ ಸವರುತ್ತಿದ್ದಳು. ಮಗು ಎರಡು ಸಲ ಚಪ್ಪರಿಸಿ ನಿದ್ದೆ ಹೋಗುತ್ತಿತ್ತು. ಇಷ್ಟು ರುಚಿಯಾದದ್ದನ್ನು ಅವಳೊಬ್ಬಳಿಗೇ ಕೊಡುವುದು ಯಾವ ನ್ಯಾಯ ಎನ್ನಿಸಿ, ಒಂದು ಮಧ್ಯಾಹ್ನ ನಾನು ಜಾಯಿಕಾಯಿಯನ್ನು ಚೆನ್ನಾಗಿ ತೇಯ್ದು, ಕಲ್ಲನ್ನು ಇಡಿಯಾಗಿ ನೆಕ್ಕಿದೆ. ಮುಂದಿನದು ನನಗೆ ಇತರರು ಹೇಳಿ ಗೊತ್ತು. ಊರೆಲ್ಲ ಹುಡುಕಿದರಂತೆ. ಬಾವಿಗೆ ಪಾತಾಳಗರಡಿ ಇಳಿಸಿದರಂತೆ. ಅಪ್ಪ ಕಬ್ಬಿನ ಗದ್ದೆಯಲ್ಲಿ ನನ್ನ ಹೆಸರು ಕೂಗುತ್ತ ಓಡಿದನಂತೆ. ಪಾತಾಳಗರಡಿಗೆ ಎರಡು ಬಿಂದಿಗೆಯೂ, ಚಿಕ್ಕಪ್ಪ ಕಳುವಾಯಿತೆಂದು ಸುಳ್ಳು ಹೇಳಿದ್ದ ಒಂದು ಹಿತ್ತಾಳೆ ಚೊಂಬೂ ಸಿಕ್ಕವು. ನಾನು ರಾಗಿ ಮೂಟೆಗಳ ಸಂದಿಯಲ್ಲಿ ಗೊರಕೆ ಹೊಡೆಯುತ್ತಿದ್ದೆ. ಅಂದಿನಿಂದ ಜಾಯಿಕಾಯಿಯ ವಾಸನೆ ಬಂದರೆ ನನ್ನ ನಾಲಿಗೆ ರುಚಿ ನೋಡುವುದನ್ನು ಬಿಟ್ಟು ಎಚ್ಚರಿಕೆಯ ಗಂಟೆ ಬಾರಿಸುತ್ತದೆ.

ಇದನ್ನೆಲ್ಲ ವರ್ನೆಲಮ್ಮನಿಗೆ ವಿವರಿಸಿದೆ. ಅವರು ನಗಲಿಲ್ಲ. ತುರಿಮಣೆಯನ್ನು ನೋಡಿದರು, ತಮ್ಮ ತೋಳನ್ನು ನೋಡಿದರು.

"ಅಷ್ಟೊಂದಾಗದ?"

"ತೊಟ್ಟಿಲು ತರಿಸಬೇಕು, ಅಷ್ಟಾಗಿದೆ."

"ತೋಳು ದಾರಿ ತಪ್ಪದೆ ಹಂಗಾದ್ರೆ" ಎಂದು ಮೆಲ್ಲಗೆ ಹೇಳಿದರು. "ನಾಲಿಗೆ ಹಿಡ್ಕಂಡಿರ್ತಿತ್ತು. ಈಗ ಕೇಳೋರಿಲ್ಲ ಅದನ್ನ."

ಮುಂದಿನ ಹೂರಣಕ್ಕೆ ಜಾಯಿಕಾಯಿ ಅರ್ಧವಾಯಿತು. ಅದರ ಮುಂದಿನದಕ್ಕೆ ಇನ್ನೂ ಕಡಿಮೆ. ಗೆಲುವಿನ ಹುಮ್ಮಸ್ಸಿನಲ್ಲಿ ನಾನು, "ಇದಕ್ಕೊಂದು ಚಿಟಿಕೆ ಏಲಕ್ಕಿ ಬಿದ್ದರೆ..." ಎಂದು ಆರಂಭಿಸಿದೆ. ಚಮಚ ನನ್ನ ಕೈಯಿಂದ ಹೋಯಿತು.

"ನೀನು ನಾಲಿಗೆ ಕಣ್ ಮಗ, ಕೈಯಲ್ಲ."

ನ್ಯಾಯಾಂಗಕ್ಕೂ ಕಾರ್ಯಾಂಗಕ್ಕೂ ಇರುವ ಗೆರೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಎಳೆದವರನ್ನು ನಾನು ಕಂಡಿಲ್ಲ.

ಒಂದು ದಿನ ಅವರು ಬಹಳ ಕುಗ್ಗಿದ್ದರು. ಕುರುಡರು ಬಣ್ಣ ಬಳಿದಂತೆ ಆಯಿತು ತಮ್ಮ ಅಡಿಗೆ ಎಂದರು. ಅವರಿಗೆ ಸಮಾಧಾನವಾಗಲೆಂದು ನನ್ನ ಅವ್ವನ ವಿಷಯ ಹೇಳಿದೆ. ಪಿತೃಪಕ್ಷದಲ್ಲಿ ನಮ್ಮ ಮನೆಗಳಲ್ಲಿ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾದದ್ದೆಲ್ಲ ಆಗಬೇಕು. ಮಾಂಸದ ಸಾರು, ಕಜ್ಜಾಯ, ವಡೆ, ಪಾಯಸ. ಆದರೆ ಎಡೆಗೆ ಮುಂಚೆ ಅಡಿಗೆಯ ಒಂದು ಹನಿಯನ್ನೂ ಯಾರೂ ಬಾಯಿಗೆ ಹಾಕುವಂತಿಲ್ಲ, ಎಂಜಲಾಗುತ್ತದೆ. ಬೆಳಗಿನಿಂದ ಸಂಜೆಯ ತನಕ ಅವ್ವ ಒಂದನ್ನೂ ನಾಲಿಗೆಗೆ ತಾಕಿಸದೆ ಅಷ್ಟನ್ನೂ ಮಾಡುತ್ತಿದ್ದಳು. ಸತ್ತವರಂತೂ ದೂರು ಹೇಳುತ್ತಿರಲಿಲ್ಲ. ಬದುಕಿದ್ದ ನೆಂಟರು, ಬಾಯಿ ಬಿಟ್ಟರೆ ತಪ್ಪನ್ನೇ ಆಡುವ ಜಾತಿಯವರು, ಅವರೂ ಹೇಳುತ್ತಿರಲಿಲ್ಲ.

"ಉಪ್ಪು ಹೆಂಗ್ ಗೊತ್ತಾಗದು ನಿಮ್ಮವ್ವಂಗೆ?" ಎಂದರು ವರ್ನೆಲಮ್ಮ, ಕೂತಲ್ಲೇ ಮುಂದಕ್ಕೆ ಬಾಗಿ.

ನಾನೂ ಚಿಕ್ಕಂದಿನಲ್ಲಿ ಅದನ್ನೇ ಕೇಳಿದ್ದೆ. "ಕುದಿಯೋ ಸದ್ದಲ್ಲಿ ಗೊತ್ತಾಯ್ತದೆ ಹೋಗ್ಲಾ" ಎಂದಿದ್ದಳು. ನಾನು ಸಾರಿನ ಮಡಕೆಗೆ ಕಿವಿಗೊಟ್ಟು ಕೇಳಿದೆ. ಉಪ್ಪಿನ ವಿಷಯ ಏನೂ ತಿಳಿಯಲಿಲ್ಲ. ಹಬೆ ಹೊಡೆದು ಕಿವಿ ಎರಡು ದಿನ ಬದನೆಕಾಯಿಯ ಬಣ್ಣದಲ್ಲಿತ್ತು. ಆದರೆ ಪ್ರಶ್ನೆ ಹೋಗಲಿಲ್ಲ. ಎಂಜಿನಿಯರ್ ಆದ ಮೇಲೆ, ಇದೇ ಅರೋರಾದಲ್ಲಿ, ಒಂದು ಪಾತ್ರೆಯಲ್ಲಿ ಉಪ್ಪು ನೀರು, ಇನ್ನೊಂದರಲ್ಲಿ ಸಪ್ಪೆ ನೀರು ಕುದಿಸಿ, ಯಾವುದು ಯಾವುದೆಂದು ಸರೋಜಳಿಗೆ ಗುಟ್ಟಾಗಿಡಲು ಹೇಳಿ, ಕಣ್ಣು ಕಟ್ಟಿಕೊಂಡು ಕೇಳಿದ್ದೇನೆ. ಎರಡೂ ಒಂದೇ ರೀತಿ ಗುಳುಗುಳು ಎಂದವು. ಸರೋಜ ಮಾತ್ರ ಬೇರೆ ರೀತಿಯಲ್ಲಿ ನಕ್ಕಳು.

ವರ್ನೆಲಮ್ಮ ಯೋಚಿಸಿ ಹೇಳಿದರು: "ನಿಮ್ಮವ್ವ ಜಾಣೆ. ನಿನ್ನ ಅಡಿಗೆಮನೆಯಿಂದ ಓಡ್ಸಕ್ಕೆ ಹಂಗಂದವ್ಳೆ."

ಆ ದೃಷ್ಟಿಯಿಂದ ನಾನು ಅದನ್ನು ಪರಿಶೀಲಿಸಿರಲಿಲ್ಲ. ಆದರೂ ಅವತ್ತಿನಿಂದ ಅವರಿಗೆ ಸ್ವಲ್ಪ ಧೈರ್ಯ ಬಂತು. ನಾಲಿಗೆ ಮುಟ್ಟಿಸದೆ ಅಡಿಗೆ ಮಾಡುವುದು ಒಂದು ಊರಿನಲ್ಲಿ ಊನವಲ್ಲ, ವ್ರತ ಎಂದು ತಿಳಿದದ್ದೇ ಅವರಿಗೆ ಸಾಕಾಯಿತು.

ಈಸ್ಟರ್ ಹಿಂದಿನ ದಿನ ಪೈಗಳೊಂದಿಗೆ ಡೆಟ್ರಾಯ್ಟ್‌ಗೆ ಹೊರಟೆವು. ಡೆನೀಸ್‌ಗೆ ಆಸ್ಪತ್ರೆಯಲ್ಲಿ ರಜೆ ಇರಲಿಲ್ಲ. ಸರೋಜಳ ಚಿಕ್ಕಮ್ಮನ ಮಗಳು ಡೆಟ್ರಾಯ್ಟ್ ಪಕ್ಕದ ನೋವೈಯಲ್ಲಿದ್ದಾಳೆ, ನಾವು ಹೇಗೂ ಆ ಕಡೆಗೆ ಹೋಗುವವರು ಎಂಬುದು ನೆಪ. ಹಿಂದಿನ ಸೀಟಿನಲ್ಲಿ ವರ್ನೆಲಮ್ಮ, ಅವರ ಪಕ್ಕದಲ್ಲಿ ಸೀಟ್‌ಬೆಲ್ಟ್ ಕಟ್ಟಿಸಿಕೊಂಡ ಪೈ ಪೆಟ್ಟಿಗೆಗಳು. "ಸ್ಪೀಡು ಅರವತ್ತು ದಾಟಿದ್ರೆ ನಾನ್ ಇಳ್ಕತೀನಿ" ಎಂದು ಮೊದಲೇ ಎಚ್ಚರಿಸಿದ್ದರು. ಇಂಡಿಯಾನಾ ದಾಟುವ ತನಕ ಲಾರಿಯವರೆಲ್ಲ ನಮಗೆ ಹಾರ್ನ್ ಹೊಡೆದು ಗೌರವ ಸಲ್ಲಿಸಿದರು. ಮಿಷಿಗನ್ನಿನಲ್ಲಿ ಗುಂಡಿಗಳು ಆರಂಭವಾದವು. ಪ್ರತಿ ಗುಂಡಿಗೂ ಹಿಂದಿನಿಂದ "ಯೇಸುವೇ" ಎಂಬ ಪ್ರಾರ್ಥನೆ, ಮುಂದಿನಿಂದ "ನೋಡ್ಕೊಂಡು ಓಡ್ಸಿ" ಎಂಬ ಅಪ್ಪಣೆ. ನೋವೈಯಲ್ಲಿ ನಾವಿಳಿದುಕೊಳ್ಳುವ ಮೊದಲು ಅವರನ್ನೂ ಪೈಗಳನ್ನೂ ತಂಗಿಯ ಮನೆಗೆ ಮುಟ್ಟಿಸಿದೆವು.

ಭಾನುವಾರ ಚರ್ಚ್ ಮುಗಿಯುವ ಹೊತ್ತಿಗೆ ನಮಗೆ ಊಟಕ್ಕೆ ಕರೆ. ಒಡೆಸ್ಸಾದು ಹಳೆಯ ಇಟ್ಟಿಗೆ ಮನೆ, ಮುಂದೊಂದು ಜಗಲಿ. ಒಡೆಸ್ಸಾ ಅಕ್ಕನಿಗಿಂತ ಸಣಕಲು, ಮಾತು ಕಡಿಮೆ, ಕಣ್ಣು ಜಾಸ್ತಿ. ಅವರಿಗೆ ನಾನು ಮಿಸ್ಟರ್ ಗೌಡ. ಎಂದರೆ ನನ್ನ ಕಿವಿಗೆ 'ಗೌಡ್ರೇ'. ಎಲ್ಲರೂ ಕೈ ಕೈ ಹಿಡಿದು ಪ್ರಾರ್ಥನೆ ಮಾಡಿದೆವು. ಪ್ರಾರ್ಥನೆ ಉದ್ದವಾಗಿತ್ತು, ಬಂದವರು, ಬರಲಾಗದವರು, ಹೋದವರು ಎಲ್ಲರ ಹೆಸರೂ ಅದರಲ್ಲಿ ಬಂತು. ನಮ್ಮ ಎಡೆಯ ಹತ್ತಿರವೂ ಅಪ್ಪ ಹೀಗೆಯೇ ಹಾಜರಿ ಕೂಗುತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡೇ ಹುರಿದ ಕೋಳಿ ಯಾವ ದಿಕ್ಕಿನಲ್ಲಿದೆ ಎಂದು ಪತ್ತೆ ಮಾಡಿದೆ.

ಮೇಜಿನ ಮೇಲಿನದು ನನಗೆ ಹೊಸದೆನ್ನಿಸಲಿಲ್ಲ ಎಂಬುದೇ ಹೊಸದು. ಅಲಸಂದೆ ಕಾಳು ಇತ್ತು. ಬೆಂಡೆಕಾಯಿ ಇತ್ತು. ಮುಸುಕಿನ ಜೋಳದ ಹಿಟ್ಟಿನ ರೊಟ್ಟಿ, ಕೇಕಿನ ವೇಷದಲ್ಲಿ. ದೊಡ್ಡ ಎಲೆಯ ಸೊಪ್ಪನ್ನು ಹೊತ್ತುಗಟ್ಟಲೆ ಬೇಯಿಸಿ ಬಸಿದಿದ್ದರು. ಸರೋಜ ಮೆಲ್ಲಗೆ ಒಡೆಸ್ಸಾರನ್ನು ಕೇಳಿದಳು: "ಸೊಪ್ಪು ಬೇಯಿಸಿದ ನೀರು ಏನು ಮಾಡಿದ್ರಿ?"

"ಯಾಕವ್ವ?"

"ನಮ್ಮಲ್ಲಿ ಅದರದ್ದೇ ಸಾರು ಮಾಡ್ತೀವಿ. ಬಸ್ಸಾರು ಅಂತ. ಸೊಪ್ಪಿಗಿಂತ ಅದಕ್ಕೇ ಜಗಳ."

ಒಡೆಸ್ಸಾ ಎದ್ದು ಹೋಗಿ, ಒಲೆಯ ಮೇಲಿದ್ದ ಪಾತ್ರೆಯಿಂದ ಎರಡು ಬಟ್ಟಲು ತುಂಬಿ ತಂದಿಟ್ಟರು. "ಇದನ್ನ ಕೇಳಿ ಇಸ್ಕಂಡು ಕುಡಿಯೋರು ಈ ಮನೇಲಿ ಯಾರೂ ಉಳ್ದಿಲ್ಲ" ಎಂದರು. ನಾನು ರೊಟ್ಟಿಯನ್ನು ಅದರಲ್ಲಿ ಅದ್ದಿ ತಿಂದೆ. ಮುದ್ದೆಯೊಂದು ಇದ್ದಿದ್ದರೆ ನಾನು ಆ ಮೇಜಿನಿಂದ ಏಳುತ್ತಿರಲಿಲ್ಲ.

ಕೊನೆಗೆ ಪೈ ಬಂತು.

ವರ್ನೆಲಮ್ಮ ತಾವೇ ಕತ್ತರಿಸಿ ಒಬ್ಬೊಬ್ಬರ ತಟ್ಟೆಗೂ ಹಾಕಿದರು. ಕ್ರೀಮಿನ ಬಟ್ಟಲನ್ನು ನಡುವೆ ಇಟ್ಟರು. ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತರು. ನನಗೆ ಪರೀಕ್ಷೆಯ ಫಲಿತಾಂಶದ ದಿನ ನೆನಪಾಯಿತು.

ಮೊದಲು ಬಾಯಿ ಬಿಟ್ಟವಳು ಬ್ರಿಯಾನಾ. "ಆಂಟಿ! ಇಷ್ಟು ವರ್ಷದಲ್ಲಿ ಇದೇ ಬೆಸ್ಟ್! ಏನು ಹಾಕಿದ್ರಿ? ಮುಂದಿನ ಸಲ ನಾನು ಪಕ್ಕದಲ್ಲೇ ನಿಂತು ನೋಡ್ತೀನಿ." ಉಳಿದವರೂ ಹೌದು ಹೌದೆಂದರು. ವರ್ನೆಲಮ್ಮನ ಮುಖ ಅರಳಿತು. ನಾನೂ ಒಂದು ತುಂಡು ಬಾಯಿಗಿಟ್ಟೆ. ಗೆಣಸು ಮುಂದೆ, ಬೆಣ್ಣೆ ಅದರ ಹಿಂದೆ, ಜಾಯಿಕಾಯಿ ಎಲ್ಲೋ ದೂರದಲ್ಲಿ ಮರ್ಯಾದಸ್ಥನಂತೆ ಕೈಕಟ್ಟಿ ನಿಂತಿತ್ತು. ತೀರ್ಪು: ನಿರ್ದೋಷಿ.

ಕಣ್ಣು ತೆರೆದರೆ ಒಡೆಸ್ಸಾ ತಮ್ಮ ಫೋರ್ಕನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ಎಲ್ಲರೂ ಪೈ ತಿನ್ನುತ್ತಿದ್ದರು. ಪೈಯನ್ನು ವಿಚಾರಣೆ ಮಾಡುತ್ತಿದ್ದವನು ನಾನೊಬ್ಬನೇ.

"ಗೌಡ್ರೇ, ಊಟ ಕಟ್ಕೊಡ್ತೀನಿ, ಸ್ವಲ್ಪ ಬರ್ರಿ" ಎಂದು ಅಡಿಗೆಮನೆಗೆ ಕರೆದರು.

ಅಲ್ಲಿ ಅವರು ಫಾಯಿಲ್ ಹಾಳೆಯನ್ನು ಎಳೆದು ಹರಿಯುತ್ತ, ನನ್ನ ಕಡೆ ನೋಡದೆ ಕೇಳಿದರು: "ಯಾವಾಗ್ನಿಂದ ಅವಳ್ಗೆ ಬಾಯ್ರುಚಿ ಇಲ್ಲ?"

ನಾನು ವಾಗ್ದಾನ ಕೊಟ್ಟವನು. ಹವಾಮಾನದ ಬಗ್ಗೆ ಏನೋ ಹೇಳಿದೆ.

"ನಾನ್ ಕೇಳ್ತಿಲ್ಲ ಗೌಡ್ರೇ, ಹೇಳ್ತಿದ್ದೀನಿ. ನಮ್ಮಕ್ಕನ ಕೈಲಿ ಜಾಯಿಕಾಯಿ ಯಾವತ್ತೂ ಜಾಸ್ತಿ. ಹುಡುಗಿಯಾಗಿದ್ದಾಗ್ನಿಂದ. ಅವ್ವ ತಲೆ ಮೇಲೆ ಮೊಟಕಿ ಮೊಟಕಿ ಹೇಳೋಳು, ಇವಳು ಕೇಳ್ತಿರ್ಲಿಲ್ಲ. ಅವ್ವ ಹೋದ ಮೇಲೆ ಹೇಳೋರೂ ಇಲ್ಲ. ನಾವೆಲ್ಲ ಹಂಗೇ ತಿಂದ್ಕಂಡ್ ಬಂದೊ."

ತೋಳು ದಾರಿ ತಪ್ಪಿರಲಿಲ್ಲ. ಅದು ತನ್ನ ಎಂದಿನ ದಾರಿಯಲ್ಲೇ ಇತ್ತು. ತೊಟ್ಟಿಲ ಪಕ್ಕದಲ್ಲಿ ಬೆಳೆದ ನನ್ನ ನಾಲಿಗೆ ಅದನ್ನು ಅಡ್ಡಗಟ್ಟಿ, ಇಡೀ ಜೀವಮಾನದ ಒಂದು ಪೈಯನ್ನು ತಿದ್ದಿಬಿಟ್ಟಿತ್ತು.

"ಹಾಗಾದರೆ ಇವತ್ತಿನದು ಕೆಟ್ಟಿತೆ?" ಎಂದೆ.

ಅವರು ಕೈ ನಿಲ್ಲಿಸಿದರು. "ಇವತ್ತಿಂದು ಅವ್ವನ ಪೈ. ತದ್ರೂಪು. ನನ್ ಕೈಲಿ ಫೋರ್ಕ್ ಹಿಡ್ಕಳಕ್ಕೆ ಆಗ್ಲಿಲ್ಲ."

ಮುಂದಿನ ಕೋಣೆಯಿಂದ ವರ್ನೆಲಮ್ಮನ ನಗು ಕೇಳಿತು.

"ಮುಂದಿನ ಸಲ ಜಾಯಿಕಾಯಿ ಮೊದ್ಲಿನಂಗೇ ಹಾಕ್ಸಿ" ಎಂದರು ಒಡೆಸ್ಸಾ.

ನನಗೆ ಅರ್ಥವಾಗಲಿಲ್ಲ. ಕುತೂಹಲ ತಡೆಯದೆ ಕೇಳಿಯೇಬಿಟ್ಟೆ: "ನಿಮ್ಮವ್ವನ ರುಚಿ ಇಷ್ಟು ವರ್ಷದ ಮೇಲೆ ಸಿಕ್ಕಿದೆ. ಬೇಡವೆ?"

"ಒಂದ್ ಸಲ ಸಿಕ್ತಲ್ಲ. ಅಷ್ಟೂ ಸಿಗ್ತದೆ ಅಂತ ನಾನ್ ಅಂದ್ಕಂಡಿರ್ಲಿಲ್ಲ." ಪೊಟ್ಟಣದ ಅಂಚನ್ನು ಮಡಿಸಿದರು. "ಕೇಳಿಸ್ತಲ್ಲ, ನಮ್ ಬ್ರಿಯಾನಾ ಪಕ್ಕದಲ್ಲಿ ನಿಂತ್ಕಂಡು ನೋಡ್ತೀನಿ ಅಂದಿದ್ದು? ಒಳ್ಳೆ ಹುಡುಗಿ. ಅದೇ ಕಷ್ಟ. ಪಕ್ಕದಲ್ಲಿ ನಿಂತ್ರೆ ಒಂದ್ ಗಳಿಗೇಲಿ ತಿಳ್ಕತಾಳೆ. ಆಮೇಲೆ ಕುರ್ಚಿ ತತ್ತಾಳೆ. ಪೈ ಯಾವತ್ತಿನಂಗೇ ಇದ್ರೆ ಯಾರೂ ನೋಡಕ್ಕೆ ಬರಲ್ಲ." ಪೊಟ್ಟಣವನ್ನು ನನ್ನ ಕೈಗಿತ್ತರು. "ಅವ್ವ ಇಲ್ಲ ಗೌಡ್ರೇ. ವರ್ನೆಲ್ ಅಲ್ಲಿ ಅವ್ಳೆ, ಮುಂದ್ಗಡೆ ಕೋಣೇಲಿ."

ಹಿಂದಿರುಗುವಾಗ ವರ್ನೆಲಮ್ಮ ಹಿಂದಿನ ಸೀಟಿನಲ್ಲಿ ಖಾಲಿ ಪೆಟ್ಟಿಗೆಗಳ ಪಕ್ಕದಲ್ಲಿ ಕೂತು, ಕಿಟಕಿಯ ಕಡೆ ನೋಡುತ್ತಿದ್ದರು. ಇಷ್ಟು ಹೊಗಳಿಸಿಕೊಂಡವರು ಇನ್ನೂ ಸ್ವಲ್ಪ ಮಾತಾಡಬಹುದೆಂದು ನನ್ನ ನಿರೀಕ್ಷೆ. ಒಂದೇ ಒಂದು ಸಲ, "ಈಗ ಅರವತ್ತು ದಾಟ್‌ಬೋದು" ಎಂದರು.

ಜೂನ್ ತಿಂಗಳಲ್ಲಿ ಅವರ ಕುಟುಂಬದ ಇನ್ನೊಂದು ದೊಡ್ಡ ಕೂಟ. ಅದಕ್ಕೆ ಮುಂಚೆ ನನಗೆ ಮತ್ತೆ ಕರೆ ಬಂತು. ನಾನು ಹೋಗುವ ದಾರಿಯಲ್ಲೆಲ್ಲ ನನ್ನ ಸುಳ್ಳನ್ನು ಅಭ್ಯಾಸ ಮಾಡಿದೆ. ಇಲ್ಲಿಯ ತನಕ ಕಡಿಮೆ ಮಾಡಿ ಎನ್ನುತ್ತಿದ್ದವನು ಈಗ ಹೆಚ್ಚು ಹಾಕಿ ಎನ್ನಬೇಕು, ಕಾರಣವನ್ನೂ ಹೇಳಬಾರದು. ಎರಡು ಮನೆಗಳ ದೂರ ಅದಕ್ಕೆ ಏನೂ ಸಾಲಲಿಲ್ಲ.

ಚಮಚ ಬಂತು. ಈಸ್ಟರ್‌ನ ಹೂರಣದಂತೆಯೇ ಇತ್ತು. ಅದಕ್ಕಿಂತ ರುಚಿಯಾದದ್ದನ್ನು ನಾನು ಜನ್ಮದಲ್ಲಿ ತಿಂದಿಲ್ಲವೆಂದು ಪ್ರಮಾಣ ಮಾಡಿ ಹೇಳಬಲ್ಲೆ. ಕಣ್ಣು ಮುಚ್ಚಿದೆ, ಹುಬ್ಬು ಗಂಟಿಕ್ಕಿದೆ, ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡೆ.

"ಜಾಯಿಕಾಯಿ ಸ್ವಲ್ಪ ಹಿಂದಿದೆ" ಎಂದೆ.

"ಮಗು ಮಲಗ್ಸೋ ಔಸ್ದಿ ಅಂತಿದ್ದೆ ನೀನು."

"ನಾಲಿಗೆ ಈಗ ಪಳಗಿದೆ."

ವರ್ನೆಲಮ್ಮ ಕೈ ಒರೆಸಿಕೊಂಡು ನನ್ನೆದುರು ನಿಂತರು. "ಒಡೆಸ್ಸ ಏನಾರ ಅಂದ್ಲಾ?"

"ಪೈ ಬಹಳ ಚೆನ್ನಾಗಿತ್ತು ಅಂದರು." ಇದು ಸುಳ್ಳಲ್ಲ.

"ಅದು ನಂಗೂ ಗೊತ್ತು. ಎಲ್ರೂ ಅಂದ್ರು. ಆದ್ರೆ ಮಗ, ನಾಲಿಗೆ ಹೋದ್ರೇನು, ಕಣ್ಣದೆ. ನನ್ ಪೈ ಬಡಿಸ್ದಾಗ ನಮ್ ಜನ ಒಬ್ಬೊಬ್ರೂ ಅದರ ಮೇಲೆ ಕ್ರೀಮ್ ಗುಡ್ಡೆ ಹಾಕ್ಕತಾರೆ. ಯಾವತ್ತೂ ಅಷ್ಟೇ. ನಾನದನ್ನ ಅವರ ಆಸೆ ಅಂದ್ಕಂಡಿದ್ದೆ. ಅವತ್ತು ಕ್ರೀಮಿನ ಬಟ್ಲು ಇಟ್ಟಂಗೇ ಇತ್ತು, ಯಾರೂ ಮುಟ್ಲಿಲ್ಲ. ಇದು ನನ್ ಪೈ ಅಲ್ಲ ಅಂತ ನಿಂತ್ಕಂಡಲ್ಲೇ ಗೊತ್ತಾಯ್ತು."

ಅಷ್ಟು ಜನರ ಹೊಗಳಿಕೆಯ ನಡುವೆ, ಕುರ್ಚಿಯ ಬೆನ್ನು ಹಿಡಿದು ನಿಂತು, ಅವರು ಒಂದು ಬಟ್ಟಲನ್ನು ನೋಡುತ್ತಿದ್ದರು.

"ಅವತ್ತೇ ಯಾಕೆ ಹೇಳಲಿಲ್ಲ?"

"ನೀನು ಹೇಳ್ತೀಯೇನೋ ಅಂತ ಕಾಯ್ತಿದ್ದೆ" ಎಂದರು. ಆಮೇಲೆ ತುರಿಮಣೆಯನ್ನೂ ಜಾಯಿಕಾಯಿಯನ್ನೂ ತಂದು ನನ್ನ ಕೈಯಲ್ಲಿಟ್ಟರು. "ನೀನೇ ತುರಿ. ಸಾಕು ಅಂತ ನಾನ್ ಹೇಳ್ತೀನಿ."

ನಾಲಿಗೆಗೆ ಮೊದಲ ಬಾರಿಗೆ ಕೈಯಾಗಿ ಬಡ್ತಿ. ತುರಿದೆ. ಅವರು ಸಿಂಕಿನ ಪಕ್ಕ ನಿಂತು, ತಲೆಯನ್ನು ಒಂದಿಷ್ಟು ಓರೆ ಮಾಡಿ, ಹೊರಗೆ ನೋಡುತ್ತಿದ್ದರು. ನನ್ನ ಲೆಕ್ಕದಲ್ಲಿ ಸಾಕಾಯಿತು, ಕೈ ನಿಲ್ಲಿಸಿದೆ. "ನಿಲ್ಲಿಸ್ಬೇಡ" ಎಂದರು. ಮತ್ತೆ ತುರಿದೆ. ಸಭ್ಯತೆಯ ಗಡಿ ದಾಟಿತು. ಒಂದು ಊರಿನ ಕೂಸುಗಳಿಗೆಲ್ಲ ಸಾಕಾಗುವಷ್ಟು ಆಯಿತು. ಅವರು ಇನ್ನೂ ಕಿಟಕಿಯ ಹೊರಗೇ ನೋಡುತ್ತಿದ್ದರು, ಬಲಗೈ ಮಾತ್ರ ಗಾಳಿಯಲ್ಲಿ ತನ್ನಷ್ಟಕ್ಕೆ ಮೆಲ್ಲಗೆ ಆಡುತ್ತಿತ್ತು. ಅದು ನಿಂತಿತು.

"ಸಾಕು."

ಕದಡಿ ಚಮಚ ಕೊಟ್ಟರು. ಬಾಯಿಗಿಟ್ಟೆ. ಘಾಟು ಮೂಗಿನ ತುದಿಯ ತನಕ ಏರಿತು.

"ಹೆಂಗದೆ?"

"ನಿಮ್ಮದೇ" ಎಂದೆ.